ಗಾಜಕ್ಕನ ಖಾಲಿ ಬಾಟಲಿ

ತೊಳೆದ ಕೈಯಲ್ಲೂ ಕೊಳೆ ಹುಡುಕುವ ಹೆಂಗಸು ಎಂದು ಗಾಜಕ್ಕನನ್ನು ನಾವೆಲ್ಲ ಗೇಲಿ ಮಾಡುತ್ತಿದ್ದೆವು. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಬಾಟಲಿ, ಕೊಳವೆ ತೊಳೆದವಳು ಅವಳು. ನಾನು ಅಲ್ಲಿ ಪಂಪು ರಿಪೇರಿಯವನು. ಶಾಲೆಯ ಮೆಟ್ಟಿಲು ನಾಲ್ಕೇ ಹತ್ತಿದವನಾದರೂ ಅಲ್ಲಿನ ದೊಡ್ಡ ಯಂತ್ರದ ಹೊಟ್ಟೆಯನ್ನು ನನ್ನಷ್ಟು ಬಿಚ್ಚಿ ನೋಡಿದವರಿಲ್ಲ.

ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಆ ಯಂತ್ರ ಕಣ್ಣಿಗೆ ಕಾಣದ್ದನ್ನು ತೂಗುವ ತಕ್ಕಡಿ. ಹನಿಯನ್ನು ಕಾಯಿಸಿ ಆವಿ ಮಾಡುತ್ತದೆ. ಆವಿಯ ಕಣಗಳಿಗೆ ವಿದ್ಯುತ್ತಿನ ಏಟು ಕೊಟ್ಟು ಚೂರು ಮಾಡುತ್ತದೆ. ಏಟು ತಿಂದ ಚೂರುಗಳು ಕೊಳವೆಯಲ್ಲಿ ಓಡುವಾಗ ಆಯಸ್ಕಾಂತ ಅವನ್ನು ಪಕ್ಕಕ್ಕೆಳೆಯುತ್ತದೆ. ಹಗುರವಾದದ್ದು ಥಟ್ಟನೆ ತಿರುಗುತ್ತದೆ, ಭಾರದ್ದು ದೊಡ್ಡ ಸುತ್ತು ಹಾಕುತ್ತದೆ. ತಿರುಗಿದ್ದನ್ನು ನೋಡಿ ತೂಕ ತಿಳಿದು, ಒಂದೊಂದು ಅಂಕಿಯ ಮೇಲೆ ಒಂದೊಂದು ಗೆರೆ ಎಬ್ಬಿಸುತ್ತದೆ. ಪ್ರತಿ ವಸ್ತುವಿಗೂ ಅದರದೇ ಗೆರೆಗಳ ಗುಂಪು, ಹೆಬ್ಬೆಟ್ಟಿನ ಗುರುತಿನ ಹಾಗೆ. ಬಾವಿ ನೀರಿನ ಕೀಟನಾಶಕ, ರಕ್ತದೊಳಗಿನ ಮದ್ದು, ಸುಟ್ಟ ಮನೆಯ ಬೂದಿಯ ಪೆಟ್ರೋಲು, ಎಲ್ಲಕ್ಕೂ ಅದೇ ಸಾಕ್ಷಿ. ಕೊಳವೆಯೊಳಗೆ ಗಾಳಿಯಿದ್ದರೆ ಚೂರುಗಳು ಡಿಕ್ಕಿ ಹೊಡೆದು ದಾರಿ ತಪ್ಪುತ್ತವೆ. ಆ ಗಾಳಿ ಹೀರುವುದು ನನ್ನ ಪಂಪು.

ಒಂದು ವರ್ಷ ಆರು ಊರುಗಳ ಬಾವಿ ನೀರು ಪರೀಕ್ಷೆಗೆ ಬಂದಿತ್ತು. ಕುಡಿಯಬಹುದೋ ಬಾರದೋ ಎಂದು ಜನ ಕಾದು ಕೂತಿದ್ದರು. ಯಂತ್ರ ನಡೆಸುವ ಮೇಡಂ ಹಾಕಿದ ಪ್ರತಿ ಬಾಟಲಿಯಲ್ಲೂ ನೂರ ನಲವತ್ತೊಂಬತ್ತರ ಮೇಲೆ ಗೆರೆಯೊಂದು ಕಂಬದ ಹಾಗೆ ಎದ್ದಿತು. ಬಾವಿ ನೀರು ತಾಕದ, ನೀರೊಳಗಿನದನ್ನು ಕರಗಿಸಿ ತೆಗೆಯುವ ದ್ರಾವಕವಷ್ಟೇ ಇದ್ದ ಬಾಟಲಿಯಲ್ಲೂ ಎದ್ದಿತು. ಅಂದ ಮೇಲೆ ಕೊಳೆ ಬಾವಿಯದಲ್ಲ, ಬಾಟಲಿಯದು. ಗಾಜಕ್ಕ ಸರಿಯಾಗಿ ಜಾಲಿಸದೆ ಸೋಪು ಉಳಿಸಿದ್ದಾಳೆ ಎಂದರು ದೊಡ್ಡ ಸಾಹೇಬರು. ಶುಕ್ರವಾರದೊಳಗೆ ಸರಿಹೋಗದಿದ್ದರೆ ಬಾಟಲಿ ಬೇರೆಯವರ ಕೈಗೆ, ಗಾಜಕ್ಕನ ಕೈಗೆ ಕಸಬರಿಗೆ.

ಅವಳ ಕಾಲಿಗೆ ಚಕ್ರ ಬಂತು. ತೊಟ್ಟಿಯಿಂದ ಬೀರುವಿಗೆ, ಬೀರುವಿನಿಂದ ಯಂತ್ರದ ಬಾಗಿಲಿಗೆ. ಮೂರು ಸಲ ತೊಳೆಯುತ್ತಿದ್ದವಳು ಏಳು ಸಲ ತೊಳೆದಳು. ಮನೆಯಲ್ಲೂ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಾಳೆಂದು ಸೊಸೆ ಮುನಿಸಿಕೊಂಡಳಂತೆ. ಗೆರೆ ಮಾತ್ರ ದಿನದಿನಕ್ಕೂ ಬೆಳೆಯಿತು.

“ಪಂಪಣ್ಣ, ತೊಳೆದಷ್ಟೂ ಕೊಳೆ ಜಾಸ್ತಿ ಆಗ್ತಿದೆಯಲ್ಲ, ಇದ್ಯಾವ ನ್ಯಾಯ?”

“ನಿನ್ನ ಕೈಯೇ ಸವೆದು ಬಾಟಲಿಗೆ ಬೀಳ್ತಿರ್ಬೇಕು ಕಣಮ್ಮ” ಎಂದೆ. ಅವಳು ನಗಲಿಲ್ಲ.

ಗುರುವಾರ ಬೀರುವಿನ ಮೂಲೆಯಲ್ಲಿ ಬೋರಲು ಬಿದ್ದ ಬಾಟಲಿಯೊಂದು ಸಿಕ್ಕಿತು. ಎರಡು ತಿಂಗಳ ಹಿಂದೆ ತೊಳೆದು ಮರೆತದ್ದು, ಮೈಮೇಲೆಲ್ಲ ಧೂಳು. ಮರಳಿ ತೊಳೆಯದೆ ಹಾಗೇ ಮೇಡಂ ಮುಂದಿಟ್ಟಳು. ಅದಕ್ಕೆ ದ್ರಾವಕ ಸುರಿದು ನೋಡಿದರೆ ನೂರ ನಲವತ್ತೊಂಬತ್ತರ ಜಾಗ ಸಪಾಟು. ಸೋಪಿನ ತಪ್ಪಲ್ಲ ಎಂದು ಮೇಡಂ ಹಿಗ್ಗಿದರು. ಗಾಜಕ್ಕ ಮಾತ್ರ ಬಿಳಿಚಿಕೊಂಡು ಹೊರಗೆ ಬಂದು ನನ್ನ ಬಳಿ ಎಲ್ಲ ಬಿಡಿಸಿ ಹೇಳಿದಳು.

ಅದೇ ಸೋಪು, ಅದೇ ನೀರು, ಅದೇ ಬ್ರಷ್ಷು. ಹಳೆಯ ಬಾಟಲಿಗೆ ಇಲ್ಲದ್ದು ಒಂದೇ. ತಿಂಗಳ ಹಿಂದೆ ಸಾಹೇಬರು ಧೂಳು ತೋರಿಸಿ ಗದರಿದ ಮೇಲೆ, ಅವಳೇ ಸ್ಟೋರಿಗೆ ಹೋಗಿ ತೆಳು ಪ್ಲಾಸ್ಟಿಕ್ಕಿನ ಸುರುಳಿ ತಂದಿದ್ದಳು. ದ್ರಾವಕದಲ್ಲಿ ಜಾಲಿಸಿದ ಬಾಟಲಿಯ ಬಾಯಿಗೆ ಹಸಿ ಇರುವಾಗಲೇ ಅದನ್ನು ಬಿಗಿಯುತ್ತಿದ್ದಳು. ಹೆದರಿಕೆ ಹೆಚ್ಚಿದಂತೆ ಒಂದು ಸುತ್ತು ಎರಡಾಗಿ, ಮೂರಾಗಿತ್ತು.

“ಸ್ಟೋರಿನವನು ಕೊಟ್ಟಿದ್ದು ಅಂತ ಹೇಳ್ಬಿಡು. ಅವನ ಗಂಟೇನು ಹೋಗುತ್ತೆ?” ಎಂದೆ. ಆ ಮಾತಿಗೆ ಇಂದೂ ನಾಚುತ್ತೇನೆ.

“ಕೇಳಿ ತಂದವಳು ನಾನು ಅಣ್ಣ. ಸುತ್ತಿದ ಕೈಯೂ ನನ್ನದೇ. ಆರು ಊರಿನ ಜನ ನೀರಿಗೆ ಕಾಯ್ತಾ ಇದ್ದಾರೆ.”

ಹೋಗಿ ಹೇಳಿಯೇಬಿಟ್ಟಳು. ಮೇಡಂ ಒಂದು ಬಾಟಲಿಗೆ ಪ್ಲಾಸ್ಟಿಕ್, ಇನ್ನೊಂದಕ್ಕೆ ಅಲ್ಯೂಮಿನಿಯಂ ಹಾಳೆ ಮುಚ್ಚಿಟ್ಟು ಶುಕ್ರವಾರ ಬೆಳಗ್ಗೆ ಪರೀಕ್ಷಿಸಿದರು. ಮೊದಲನೆಯದರಲ್ಲಿ ಕಂಬ ಎದ್ದಿತು, ಎರಡನೆಯದು ಸಪಾಟು. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಬೆರೆಸುವ ಎಣ್ಣೆ ದ್ರಾವಕದ ಹಸಿಗೆ ಕರಗಿ ಬಾಟಲಿಗೆ ಇಳಿದಿತ್ತು; ನೂರ ನಲವತ್ತೊಂಬತ್ತು ಅದರದೇ ಗೆರೆ. ಗೆರೆಗಳನ್ನು ನೋಡಿದ ಸಾಹೇಬರು ಪ್ಲಾಸ್ಟಿಕ್ ಸುರುಳಿಯನ್ನು ಸ್ಟೋರಿಗೆ ವಾಪಸು ಕಳಿಸಿದರು. ಕಸಬರಿಗೆಯ ಮಾತು ಎತ್ತಲಿಲ್ಲ.

ಹೊಸದಾಗಿ ತೊಳೆದ ಬಾಟಲಿಗಳಲ್ಲಿ ನಾಲ್ಕು ಬಾವಿ ಶುದ್ಧವೆಂದು ಬಂತು, ಎರಡರಲ್ಲಿ ಕೀಟನಾಶಕ ಸಿಕ್ಕಿತು. ಅಂದಿನಿಂದ ಪ್ರತಿ ಬೆಳಗ್ಗೆ ಯಂತ್ರಕ್ಕೆ ಮೊದಲು ಹೋಗುತ್ತಿದ್ದುದು ಗಾಜಕ್ಕ ಕೈಯಾರೆ ಆರಿಸಿಕೊಟ್ಟ, ಬರೀ ದ್ರಾವಕದ ಖಾಲಿ ಬಾಟಲಿ. ಅದರ ಗೆರೆ ಸಪಾಟಾಗಿ ಓಡಿ ಮುಗಿಯುವವರೆಗೂ ಅವಳು ಬಾಗಿಲಲ್ಲಿ ಕಾಲು ಬದಲಿಸುತ್ತ ನಿಂತಿರುತ್ತಿದ್ದಳು. ಕೂತ್ಕೋ ಅಂದರೆ ಕೇಳುತ್ತಿರಲಿಲ್ಲ.