ಹಬ್ಬದ ರಜೆಯಲ್ಲಿ ಆಡಿದ ಒಂದು ಮಾತು

ವಿಜಯಾ ಧಾರವಾಡದಿಂದ ಕಾಶಿಗೆ ಮದುವೆಯಾಗಿ ಬಂದವಳು. ಗಂಡ ಚಿದಾನಂದ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುತ್ತಿದ್ದ. ಭೇಲೂಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅದೇ ರಸ್ತೆಯ ಒಂದು ಖಾಸಗಿ ದವಾಖಾನೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ರಕ್ತ, ಮೂತ್ರ, ಮಲದ ತಪಾಸಣೆ. ದಿನವಿಡೀ ಸೂಕ್ಷ್ಮದರ್ಶಕದ ಮೇಲೆ ಬಗ್ಗಿರಬೇಕು. ಮನೆಗೆ ಬಂದು ಲೋಟದಲ್ಲಿ ನೀರು ನೋಡಿದರೂ ಅವಳಿಗೆ ಬರೀ ನೀರು ಕಾಣುತ್ತಿರಲಿಲ್ಲ.

ತೊಂಬತ್ತೊಂದರ ದಸರೆಯ ಮರುದಿನ ಚಿದಾನಂದ ಐದು ವರ್ಷದ ಮಗಳು ಪ್ರಾರ್ಥನಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಭರತ ಮಿಲಾಪದ ಜಾತ್ರೆಗೆ ಹೋದ. ಗದ್ದಲಕ್ಕೆ ಹೆದರಿ ಮಗು ಅತ್ತಿತು. ಸುಮ್ಮನಾಗಲಿ ಎಂದು ಗಾಡಿಯವನಿಂದ ಪಾನಿಪೂರಿಯಂಥ ಗೋಲ್‌ಗಪ್ಪಾ ಕೊಡಿಸಿದ. ಕಾರ್ತಿಕದಲ್ಲಿ ಮಗುವಿನ ಕಣ್ಣು ಹಳದಿಯಾದವು. ಕಾಮಾಲೆ. ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ ಮಲಗಿಸಿದಾಗ ಪ್ರಾರ್ಥನಾ ಅಳುವುದಕ್ಕೂ ಶಕ್ತಿಯಿಲ್ಲದೆ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ವಿಜಯಾಳ ಮನಸ್ಸಿನಿಂದ ಹೋಗಲಿಲ್ಲ. ಗಂಡನಿಗೆ ಅವಳು ಹೆಚ್ಚೇನೂ ಅನ್ನಲಿಲ್ಲ. ಆದರೆ ಮಗಳ ಬಾಯಿಗೆ ಬೀಳುವ ಪ್ರತಿ ತುತ್ತನ್ನೂ ಇನ್ನು ತಾನೇ ನೋಡಬೇಕು ಎಂದು ನಿಶ್ಚಯಿಸಿದಳು.

ಅದನ್ನು ಅವಳು ಚೆನ್ನಾಗಿಯೇ ಮಾಡಿದಳು. ಆ ಮಾತನ್ನು ಮೊದಲು ಹೇಳಲೇಬೇಕು. ಹಬ್ಬಕ್ಕೆ ಯಾರ ಮನೆಗೆ ಹೋಗುವುದಿದ್ದರೂ ಮೊದಲು ಮನೆಯಲ್ಲಿ ಹೊಟ್ಟೆ ತುಂಬ ಅನ್ನ, ಬೇಳೆಸಾರು. ಮೆಂತ್ಯಸೊಪ್ಪು ಸಣ್ಣಗೆ ಹೆಚ್ಚಿ ಹಿಟ್ಟಿನಲ್ಲಿ ಕಲಸಿ ಚಪಾತಿ ಮಾಡುತ್ತಿದ್ದಳು. ಸಂಜೆಗೆ ಕುದಿಸಿದ ಸಿಂಘಾಡಾ ಎಂಬ ಕೆರೆಯ ಕಾಯಿ, ಪಪ್ಪಾಯಿ, ಸೀಬೆಹಣ್ಣು. ಸಿಹಿಯನ್ನು ಪೂರ್ತಿ ನಿಲ್ಲಿಸಲಿಲ್ಲ. ಹಬ್ಬದ ದಿನಕ್ಕೆ ಒಂದೇ ಸಿಹಿ, ಆದರೆ ಯಾವುದು ಎಂದು ಆರಿಸುವುದು ಮಗಳೇ. ಬೆಳಿಗ್ಗೆಯೇ ಅಮ್ಮ, ಮಗಳು ಕೂತು, "ಇವತ್ತಿಂದು ಯಾವುದು? ಪೇಡಾನೋ, ಲವಂಗಲತಾನೋ?" ಎಂದು ಚರ್ಚೆ ಮಾಡುತ್ತಿದ್ದರು. ಮಗು ಆ ಆಟಕ್ಕೆ ಒಗ್ಗಿಕೊಂಡಿತು. ವರ್ಷ ತಿರುಗುವಷ್ಟರಲ್ಲಿ ಕೆನ್ನೆ ತುಂಬಿತು. ಲ್ಯಾಬಿಗೆ ಬರುವ ತಾಯಂದಿರು, "ದೀದಿ, ನಮ್ಮವು ಹಬ್ಬ ಬಂತು ಅಂದ್ರೆ ರೊಟ್ಟೀನೇ ಮುಟ್ಟೋದಿಲ್ಲ, ನೀವೇನು ಮಾಡ್ತೀರಿ?" ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ಅವಳು ಬೇಸರವಿಲ್ಲದೆ ಎಲ್ಲವನ್ನೂ ಹೇಳುತ್ತಿದ್ದಳು.

ತೊಂದರೆ ಬಂದದ್ದು ತೊಂಬತ್ತೆರಡರ ದಸರೆಯಿಂದ ದೀಪಾವಳಿವರೆಗಿನ ರಜೆಯಲ್ಲಿ. ಶಾಲೆಗೆ ರಜೆ, ಲ್ಯಾಬಿಗೆ ಇಲ್ಲ. ಚಿದಾನಂದ ವಿದ್ಯಾರ್ಥಿಗಳನ್ನು ಕರೆದುಕೊಂಡು ಸೋನಭದ್ರದ ಕಾಡಿಗೆ ಹೋಗಿದ್ದ. ಮಗುವನ್ನು ಎಲ್ಲಿ ಬಿಡುವುದು ಎನ್ನುವಾಗ ಗೋದಾಬಾಯಿಯೇ, "ನಮ್ಮ ಮನಿ ಇಲ್ಲೇನು? ತನ್ಮಯೀ ಜೋಡಿ ಆಡ್ತಾಳ, ತಂದು ಬಿಡು" ಎಂದರು.

ಗೋದಾಬಾಯಿಯ ಮನೆ ಜಂಗಮವಾಡಿಯ ಒಳಗಲ್ಲಿಯಲ್ಲಿತ್ತು. ಮಗ ವಿಶ್ವನಾಥ ಕನ್ನಡನಾಡಿನಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುತ್ತಿದ್ದ. ಯಾತ್ರಿಕರ ಊಟ ಮನೆಯಲ್ಲೇ. ತನ್ಮಯಿ ಅವನ ಮಗಳು. ಗೋದಾಬಾಯಿ ಎಪ್ಪತ್ತರ ಹತ್ತಿರದ ಮಡಿ ಹೆಂಗಸು. ಒಲೆಯ ಮುಂದೆ ಕೂತರೆ ಏಳುತ್ತಿರಲಿಲ್ಲ. ವಿಜಯಾ ಮೊದಲು ಕಾಶಿಗೆ ಬಂದಾಗ ಊರಿನ ಮಾತಿಗೆ ಹಸಿದು ಅಳುತ್ತಿದ್ದ ದಿನಗಳಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದವರು ಅವರು. ಬಾಣಂತನದಲ್ಲಿ ಎಣ್ಣೆ ಹಚ್ಚಿ ನೀರು ಹಾಕಿದವರೂ ಅವರೇ. ವಿಜಯಾ ಅವರನ್ನು ಮೌಶಿ ಎನ್ನುತ್ತಿದ್ದಳು, ಮಗು ಗೋದಜ್ಜಿ ಎನ್ನುತ್ತಿತ್ತು.

ಬೆಳಿಗ್ಗೆ ರಿಕ್ಷಾದಲ್ಲಿ ಮಗಳನ್ನು ಬಿಟ್ಟು, ಡಬ್ಬಿ ಮತ್ತು ಕುದಿಸಿದ ನೀರಿನ ಬಾಟಲಿ ಕೈಗಿತ್ತು ವಿಜಯಾ ಕೆಲಸಕ್ಕೆ ಹೋಗುತ್ತಿದ್ದಳು. ಆದರೆ ಆ ಮನೆಯಲ್ಲಿ ಹಬ್ಬದ ಕಾಲವೆಂದರೆ ಯಾತ್ರಿಕರು ತಂದ ಸಿಹಿಯ ರಾಶಿ. ಹೋಗುತ್ತ ಬರುತ್ತ ಯಾರಾದರೂ ಮಕ್ಕಳ ಕೈಗೆ ಲಾಡು ಇಡುತ್ತಿದ್ದರು. ಒಂದು ಸಂಜೆ ಡಬ್ಬಿ ಬಿಚ್ಚಿದರೆ ಮೆಂತ್ಯದ ಚಪಾತಿ ಹಾಗೇ ಇತ್ತು. ಪ್ರಾರ್ಥನಾ ಊಟ ಒಲ್ಲೆನೆಂದು ಹೊಟ್ಟೆ ಹಿಡಿದುಕೊಂಡು ಕೂತಳು.

"ಎಷ್ಟು ಲಾಡು ತಿಂದಿ?"

"ಗೊತ್ತಿಲ್ಲ. ಸಬ್ ಲೋಗ್ ದೇ ರಹೇ ಥೇ."

ಎಲ್ಲರೂ ಕೊಡುತ್ತಿದ್ದರು, ಅವಳು ತಿಂದಳು. ವಿಜಯಾ ಅಂದು ಬಹಳ ದಣಿದಿದ್ದಳು. ಮತ್ತೆ ಆಟ ಹೂಡಿ, ಒಂದೇ ಸಿಹಿ ಯಾಕೆ ಎಂದು ತಿಳಿಸಿ ಹೇಳುವಷ್ಟು ಸಹನೆ ಉಳಿದಿರಲಿಲ್ಲ. ಗೋದಾಬಾಯಿಗೆ ಹೇಳಿದ್ದರೂ ಸಾಕಿತ್ತು. ಅವರು ಒಂದು ಮಾತಿನಲ್ಲಿ ಎಲ್ಲರನ್ನೂ ತಡೆಯುತ್ತಿದ್ದರು. ಆದರೆ ಮಗು ನೋಡಿಕೊಳ್ಳುವುದೇ ದೊಡ್ಡ ಉಪಕಾರ, ಮೇಲೆ ದೂರು ಹೇಗೆ ಹೇಳುವುದು ಎಂಬ ಸಂಕೋಚ. ಅವಳು ಸುಲಭದ ದಾರಿ ಹಿಡಿದಳು.

"ಆ ಮನಿಗೆ ದಿನಾ ಯಾರ್ಯಾರೋ ಬರ್ತಾರ. ಅಜ್ಜಿ ಕೈ ಹೊಲಸಿರ್ತಾವ. ಅಲ್ಲಿ ತಿಂದ್ರ ಮತ್ತ ಕಣ್ಣು ಹಳದಿ ಆಗ್ತಾವ. ಮತ್ತ ಸೂಜಿ. ಬೇಕೇನು?"

ಪ್ರಾರ್ಥನಾ ಬೇಡವೆಂದು ತಲೆಯಾಡಿಸಿದಳು. ಮರುದಿನದಿಂದ ಡಬ್ಬಿ ಖಾಲಿಯಾಗಿ ಬರತೊಡಗಿತು. ವಿಜಯಾಳಿಗೆ ಸಮಾಧಾನವಾಯಿತು. ದಿನಕ್ಕೆ ಎಷ್ಟೋ ಸಲ ಬೂದಿ ಹಾಕಿ ಉಜ್ಜಿ ತೊಳೆಯುವ ಕೈ ಅದು, ತನ್ನ ಲ್ಯಾಬಿನವರ ಕೈಗಿಂತ ಚೊಕ್ಕಟ ಎಂದು ಅವಳಿಗೆ ಗೊತ್ತಿತ್ತು. ಮಗುವಿಗೆ ಹೇಳಿದ ಮಾತು, ದೊಡ್ಡವಳಾದರೆ ಮರೆಯುತ್ತಾಳೆ ಎಂದುಕೊಂಡಳು.

ದೀಪಾವಳಿ ಹತ್ತಿರ ಬಂತು. ಒಂದು ಬೆಳಿಗ್ಗೆ ಗೋದಾಬಾಯಿ ಬಾಗಿಲಲ್ಲಿ ಅವಳನ್ನು ನಿಲ್ಲಿಸಿ ಕೇಳಿದರು: "ಅಲ್ಲಾ ವಿಜಯಾ, ಹುಡುಗಿ ನಮ್ಮಲ್ಲಿ ಏನೂ ಮುಟ್ಟಂಗಿಲ್ಲ ಈಗ. ನೀ ಬ್ಯಾಡ ಅಂದಿರಬೇಕು, ಅಕೀ ಜಡ್ಡಿನ ಮ್ಯಾಲೆ ಅದು ಖರೇನೂ ಹೌದು. ಆದ್ರ ಹಬ್ಬಕ್ಕ ಬಾಯಿ ಸಿಹಿ ಮಾಡಬೇಕಲ್ಲ. ಏನ್ ಮಾಡಿದ್ರ ನಡೀತದ ಹೇಳು."

ವಿಜಯಾಳ ಮುಖ ಬಿಸಿಯಾಯಿತು. "ಕರಿದಿದ್ದು ಬ್ಯಾಡ್ರಿ ಮೌಶಿ. ಸಕ್ಕರಿ ಕಡಿಮಿ ಇದ್ರ..." ಎಂದಳು.

"ಕುಚ್ಚಿದ ಕಡುಬು ಮಾಡ್ತೀನಿ. ಹಬೀ ಮ್ಯಾಲೆ ಬೆಂದಿದ್ದಕ್ಕ ಯಾವ ಜಡ್ಡು ಬರ್ತದ?" ಎಂದು ಅವರು ನಕ್ಕರು.

ನೀರು ತುಂಬುವ ಹಬ್ಬದ ದಿನ ಲ್ಯಾಬ್ ಅರ್ಧ ದಿನ. ವಿಜಯಾ ಮಧ್ಯಾಹ್ನವೇ ಹೊರಟು ಗೋದಾಬಾಯಿಯ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಒಳಗೆ ನಡುಮನೆಯಲ್ಲಿ ತನ್ಮಯಿ, ಪ್ರಾರ್ಥನಾ ಎದುರುಬದುರು ಕೂತಿದ್ದರು. ಗೋದಾಬಾಯಿ ಮುತ್ತುಗದೆಲೆಯ ಮೇಲೆ ಕಡುಬು ಇಡುತ್ತಿದ್ದರು. ತೆಳ್ಳನೆ ಕಣಕ, ಬೆಲ್ಲದ ಹೂರಣ, ಇನ್ನೂ ಹಬೆಯಾಡುತ್ತಿತ್ತು. ತನ್ಮಯಿ ಕೈ ಚಾಚಿದಳು. ಪ್ರಾರ್ಥನಾ ಆ ಕೈಯನ್ನು ಹಿಡಿದು ಹಿಂದಕ್ಕೆಳೆದಳು.

"ಮತ್ ಖಾ ತನೂ, ಗಂದಾ ಹೈ."

ತಿನ್ನಬೇಡ, ಹೊಲಸು ಎಂದಿದ್ದಳು. ಕಾಶಿಯಲ್ಲೇ ಮುದುಕಿಯಾದ ಗೋದಾಬಾಯಿಗೆ ಆ ಹಿಂದಿ ತಿಳಿಯದ್ದೇನಲ್ಲ. ಆದರೂ ನಗುತ್ತಲೇ ಕೇಳಿದರು: "ಯಾಕವಾ, ಈಗ ಒಲಿಯಿಂದ ಇಳಿಸೇನಿ. ಹೊಲಸು ಹೆಂಗಾದೀತು?"

"ಕಡುಬು ಅಲ್ಲ, ನಿಮ್ಮ ಕೈ ಹೊಲಸು. ತಿಂದ್ರ ಕಣ್ಣು ಹಳದಿ ಆಗ್ತಾವ. ಅಮ್ಮ ಹೇಳ್ಯಾಳ."

ಮಗು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಗೆಳತಿಗೆ ಜಡ್ಡು ಬರಬಾರದೆಂಬ ಕಾಳಜಿಯಿತ್ತು ಅಷ್ಟೆ. ಗೋದಾಬಾಯಿ ತಲೆಯೆತ್ತಿದರು. ಬಾಗಿಲಲ್ಲಿ ವಿಜಯಾ ನಿಂತಿದ್ದಳು.

"ಇಲ್ಲ ಮೌಶಿ, ನಾ ಹಂಗ ಹೇಳೇ ಇಲ್ಲ. ಹುಡುಗಿ ಏನೋ ತಪ್ಪು ತಿಳಕೊಂಡಾಳ."

"ನೀನ ಹೇಳೀದಿ!" ಪ್ರಾರ್ಥನಾ ಅಳತೊಡಗಿದಳು. "ನೀನ ಹೇಳೀದಿ ಅಮ್ಮಾ!"

ಗೋದಾಬಾಯಿ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿದರು. "ಬಾ, ಕೂಡು ಬಾ. ಬಿಸಲಾಗ ಬಂದೀದಿ" ಎಂದರು. ವಿಜಯಾ ಕೂರಲಿಲ್ಲ. ರಿಕ್ಷಾ ನಿಂತಿದೆ ಎಂದು ಸುಳ್ಳು ಹೇಳಿ, ಅಳುತ್ತಿದ್ದ ಮಗಳನ್ನು ಎಳೆದುಕೊಂಡು ಗಲ್ಲಿಗಿಳಿದಳು. ಮುಂದೆ ಎಷ್ಟೋ ದಿನ ಅವಳನ್ನು ಕೊರೆದದ್ದು ಇದೇ. ಆ ಹೊತ್ತಿನಲ್ಲಿ ಎಲೆ ಸರಿಸಿ, ತಾನೇ ಒಂದು ಕಡುಬು ಬಾಯಿಗೆ ಹಾಕಿಕೊಂಡು, ಮಗಳಿಗೂ ಅರ್ಧ ಕೊಟ್ಟಿದ್ದರೆ ಆಗುತ್ತಿತ್ತು. ಅದು ಹೊಳೆಯಲೇ ಇಲ್ಲ.

ಮರುದಿನ ಊರಿಗೆ ಮರಳಿದ ಚಿದಾನಂದ ಎಲ್ಲವನ್ನೂ ಕೇಳಿ ಸಮಾಧಾನ ಹೇಳಿದ: "ಅವರೂ ನಮ್ಮ ಮನ್ಯಾಗ ಒಂದು ತೊಟ್ಟು ನೀರು ಕುಡಿಯೂದಿಲ್ಲಲ್ಲ. ನೀ ಎಂದಾದ್ರೂ ಬ್ಯಾಸರ ಮಾಡ್ಕೊಂಡೀಯೇನು?"

"ಅದು ಅವರ ಮಡಿ. ತಾವು ಪಾಲಿಸ್ತಾರ, ಬಿಡ್ತಾರ. ನಮ್ಮ ಮನಿ ಹೊಲಸು ಅಂತ ತನ್ಮಯಿಗೆ ಎಂದೂ ಕಲಿಸಿಲ್ಲ. ನಾ ಕಲಿಸಿದೆ."

ಪಾಡ್ಯದ ದಿನ ವಿಜಯಾ ಒಬ್ಬಳೇ ಹೋದಳು. ಗೋದಾಬಾಯಿ ಅಕ್ಕಿ ಆರಿಸುತ್ತಿದ್ದರು.

"ಕೂಸಿನ ಮಾತು ಯಾರು ಮನಸಿಗೆ ಹಚ್ಕೋತಾರ, ಬಿಡು" ಎಂದರು.

"ಮಾತು ಕೂಸಿಂದಲ್ಲ ಮೌಶಿ. ನಂದು."

ಗೋದಾಬಾಯಿ ಮೊರದಿಂದ ಒಂದು ಕಲ್ಲು ಹೆಕ್ಕಿ ಬದಿಗಿಟ್ಟರು. "ಗೊತ್ತದ" ಎಂದರು. ಮತ್ತೆ ಅಕ್ಕಿ ಆರಿಸತೊಡಗಿದರು.

ಜಗಳವಾಗಲಿಲ್ಲ. ರಜೆಯ ದಿನಗಳಲ್ಲಿ ಪ್ರಾರ್ಥನಾ ಮುಂದೆಯೂ ಅಲ್ಲೇ ಆಡಿದಳು. ಗೋದಾಬಾಯಿ ಅವಳ ಜಡೆ ಹಾಕಿದರು, ಬಿದ್ದಾಗ ಎತ್ತಿದರು. ಆದರೆ ಬೇಯಿಸಿದ್ದು, ಕಲಸಿದ್ದು ಯಾವುದನ್ನೂ ಮತ್ತೆ ಆ ಮಗುವಿನ ಮುಂದೆ ಇಡಲಿಲ್ಲ. ಸಿಪ್ಪೆ ಸುಲಿಯದ ಬಾಳೆಹಣ್ಣು, ಕಿತ್ತಳೆ, ಒಡೆಯದ ತೆಂಗಿನಕಾಯಿ. ಕೈ ತಾಕಿದರೂ ಒಳಗೆ ಏನೂ ಇಳಿಯದಂಥವು. ತುಳಸಿ ಲಗ್ನದ ಸಂಜೆ ಎಲ್ಲರ ಅಂಗೈಗೂ ಅವಲಕ್ಕಿಯ ಪ್ರಸಾದ ಬಿತ್ತು. ವಿಜಯಾ ಕೈ ನೀಡಿದಾಗ ಅದರಲ್ಲಿ ಒಂದು ಕಿತ್ತಳೆ ಬಂತು.

"ಮೌಶಿ, ನನಗೂ ಪ್ರಸಾದ ಕೊಡ್ರಿ."

"ನಿಮಗ ಹಣ್ಣ ಛಲೋ" ಎಂದರು ಅವರು, ಮೆಲ್ಲಗೆ.

ಹಣ್ಣಿಗಿಂತ ಆ 'ನಿಮಗ' ವಿಜಯಾಳಿಗೆ ಹೆಚ್ಚು ನಾಟಿತು. ಅಷ್ಟು ವರ್ಷ 'ನೀ' ಎಂದು ಕರೆದ ಬಾಯಿ. ಅಂದಿನಿಂದ ಅದು ಬದಲಾಗಲೇ ಇಲ್ಲ.

ಪ್ರಾರ್ಥನಾ ಆರೋಗ್ಯವಾಗಿ ಬೆಳೆದಳು. ತರಕಾರಿ ತಕರಾರಿಲ್ಲದೆ ತಿನ್ನುತ್ತಿದ್ದಳು, ಜ್ವರವೂ ಅಪರೂಪ. ಆದರೆ ಯಾರ ಮನೆಯಲ್ಲೂ ಯಾರು ಏನು ಕೊಟ್ಟರೂ ಎರಡೂ ಕೈ ಬೆನ್ನ ಹಿಂದೆ ಹೋಗುತ್ತಿದ್ದವು. ವಿಜಯಾ ಈಗ, "ತಗೋ, ಅಮ್ಮ ಹೇಳ್ತೀನಲ್ಲ, ತಿನ್ನು" ಎಂದು ಒತ್ತಾಯಿಸಿದರೆ ಮಗಳು ಅವಳ ಮುಖವನ್ನು ಅನುಮಾನದಿಂದ ನೋಡುತ್ತಿದ್ದಳು. ಯಾವ ಮಾತು ನಿಜದ್ದು, ಯಾವುದು ನಾಳೆ ಅಮ್ಮ ಇಲ್ಲವೆನ್ನುವಂಥದ್ದು ಎಂದು ತೂಗುತ್ತಿರುವಂತೆ. ಲ್ಯಾಬಿನಲ್ಲಿ ತಾಯಂದಿರು ಕೇಳಿದಾಗ ವಿಜಯಾ ಈಗಲೂ ಎಲ್ಲ ಹೇಳುತ್ತಿದ್ದಳು: ಮನೆಯಲ್ಲಿ ಉಣಿಸಿ ಕಳಿಸಿ, ನೀರು ಕುದಿಸಿ, ಸಿಹಿ ಒಂದೇ ಇರಲಿ. ಕೊನೆಗೆ, "ಆದರೆ ಹೆದರಿಸಬೇಡಿ" ಎನ್ನುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ.

ತೊಂಬತ್ನಾಲ್ಕರ ಚಳಿಗಾಲದಲ್ಲಿ ಗೋದಾಬಾಯಿ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಬೆಳಿಗ್ಗೆ ವಿಶ್ವನಾಥ ಬಂದು ಹೇಳಿ ಹೋದ. ವಿಜಯಾ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಾಗ ಎಂಟು ವರ್ಷದ ಪ್ರಾರ್ಥನಾ ಬಂದು ಪಕ್ಕದಲ್ಲಿ ನಿಂತಳು.

"ಅಮ್ಮಾ, ಗೋದಜ್ಜಿಗೆ ನನ್ನ ಮ್ಯಾಲೆ ಸಿಟ್ಟಿತ್ತೇನು?"

"ಇಲ್ಲ ಪುಟ್ಟಾ. ನಿನ್ನ ಮ್ಯಾಲೆ ಇರಲಿಲ್ಲ."

ಪ್ರಾರ್ಥನಾ ಆ ಉತ್ತರವನ್ನು ನಂಬಿದಳೋ ಇಲ್ಲವೋ ವಿಜಯಾಳಿಗೆ ತಿಳಿಯಲಿಲ್ಲ. ಮಗು ಹೋಗಿ ಶಾಲೆಯ ಬಟ್ಟೆ ಹಾಕಿಕೊಳ್ಳತೊಡಗಿತು.