ಆಣೆ ಇಲ್ಲದ ಮಾತು

ಹಿತ್ತಾಳೆಯ ತಾಟು. ಅದರ ತುಂಬ ಗುಡಿಯ ಭಂಡಾರ. ತಾಟನ್ನು ನನ್ನ ಮುಂದೆ ಹಿಡಿದು ಗೌಡರು ಹೇಳಿದರು, ‘ಮುಟ್ಟಿ ಹೇಳ್ರಿ ಬಾಯಾರ. ಮುಗದ ಹೋಗತೈತಿ.’

ಆ ಅರಿಷಿಣದ ಪುಡಿಯನ್ನು ಮುಟ್ಟಿ ಪ್ರಮಾಣ ಮಾಡಿದರೆ ಒಬ್ಬ ಹೆಣ್ಣುಮಗಳಿಗೆ ಇರಲು ಜಾಗ ಸಿಗುತ್ತದೆ. ಮಾಡದಿದ್ದರೆ ಆಕೆ ಬಬಲೇಶ್ವರಕ್ಕೆ, ಹೊಡೆಯುವ ಗಂಡನ ಮನೆಗೆ ವಾಪಸ್ಸು.

ನಾನು ಮುಟ್ಟಲಿಲ್ಲ.

ಎಂಥ ಹೆಂಗಸು ಇವಳು ಅಂದಿರಾ? ಅನ್ನಿ. ಹೋದ ವಾರ ಬಿಜ್ಜರಗಿ ಊರಿಗೆ ಊರೇ ಹಾಗೆ ಅಂದಿದೆ. (ನಮ್ಮ ಮನೆಯವರೂ ಅಂದರು, ಸ್ವಲ್ಪ ಮೆತ್ತಗೆ.) ಪೂರ್ತಿ ಕೇಳಿ. ಆಮೇಲೆ ಬೇಕಾದರೆ ಇನ್ನೊಮ್ಮೆ ಅನ್ನಿ.

ಈ ಅಂಕಣ ಓದುವವರಿಗೆ ನನ್ನ ನೌಕರಿ ಗೊತ್ತೇ ಇದೆ. ತಿಕೋಟಾದ ಸರಕಾರಿ ನರ್ಸಬಾಯಿ. ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವುದು, ಗಾಯ ಕಟ್ಟುವುದು, ಸೂಜಿ ಚುಚ್ಚುವುದು, ಬೈಸಿಕೊಳ್ಳುವುದು. ರವಿವಾರ ಮಾತ್ರ ಡ್ಯೂಟಿ ಇಲ್ಲದಿದ್ದರೆ ಬಸ್ಸು ಹಿಡಿದು ವಿಜಾಪುರಕ್ಕೆ, ಚರ್ಚಿಗೆ. ನಮ್ಮ ತಾಯಿಯ ಕಾಲದಿಂದ ನಾವು ಕ್ರೈಸ್ತರು.

ಬಿಜ್ಜರಗಿಯಲ್ಲಿ ಸಿದ್ದಪ್ಪಜ್ಜ ಎಂಬ ಮುದುಕರಿದ್ದರು. ಹಾಸಿಗೆ ಹಿಡಿದು ಬೆನ್ನೆಲ್ಲ ಹುಣ್ಣಾಗಿತ್ತು. ಹುಣ್ಣು ತೊಳೆದು ಪಟ್ಟಿ ಕಟ್ಟಲು ಹೋಗುತ್ತಿದ್ದೆ. ಆರೈಕೆ ಮಾಡುತ್ತಿದ್ದವಳು ಮಗಳು ನೀಲವ್ವ. ಗಂಡ ಇನ್ನೊಬ್ಬಳನ್ನು ತಂದುಕೊಂಡು ಈಕೆಯನ್ನು ಹೊಡೆದು ಹೊರಹಾಕಿದ ಮೇಲೆ, ತನ್ನ ಸಣ್ಣ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದವಳು. ಮನೆಯ ಯಜಮಾನಿಕೆ ಅಣ್ಣ ಮಲಕಪ್ಪನದು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ತಂಗಿ ಬಂದು ಉಳಿದುಬಿಟ್ಟರೆ ಅಣ್ಣಂದಿರ ಮುಖ ಹೇಗಾಗುತ್ತದೋ ಹಾಗೆ ಆಗಿತ್ತು ಅವನದೂ.

ಒಂದು ಮಧ್ಯಾಹ್ನ ಹೋದಾಗ ಮಲಕಪ್ಪ ಹೊಲದಲ್ಲಿದ್ದ. ನೀಲವ್ವ ನೀರಿಗೆ ಹೋಗಿದ್ದಳು. ಪಟ್ಟಿ ಬಿಚ್ಚುತ್ತಿದ್ದೆ. ಅಜ್ಜ ನನ್ನ ಮಣಿಕಟ್ಟು ಹಿಡಿದರು.

‘ಬಾಯಾರ, ರಸ್ತೆ ಕಡೆ ಕ್ವಾಣಿ ನೀಲವ್ವಗ. ಆಕಿ ಎಲ್ಲಿಗೂ ಹೋಗೂದು ಬ್ಯಾಡ. ಮಲಕಪ್ಪಗ ಹೇಳೇನಿ. ನೀವೂ ಕೇಳಿ ಇಟಗೋರಿ.’

‘ಕೇಳೇನ್ರಿ ಅಜ್ಜಾರ’ ಅಂದೆ. ಪಟ್ಟಿ ಕಟ್ಟಿ ಬಂದೆ. ಅದೇ ವಾರ ಅಜ್ಜ ತೀರಿಕೊಂಡರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಮಲಕಪ್ಪ ತಂಗಿಗೆ ಗಂಟು ಕಟ್ಟು ಅಂದ. ಬಬಲೇಶ್ವರಕ್ಕೆ ಹೇಳಿಕಳಿಸಿದ್ದೇನೆ, ಗಂಡ ಕರೆದುಕೊಂಡು ಹೋಗುತ್ತಾನೆ ಅಂದ. ನೀಲವ್ವ ಪಂಚರ ಕಡೆ ಓಡಿದಳು. ಅಪ್ಪ ಕೋಣೆ ಕೊಟ್ಟಿದ್ದಾನೆ, ನರ್ಸಬಾಯಿಯ ಎದುರಿಗೆ ಹೇಳಿದ್ದಾನೆ ಅಂದಳು. ಆಗ ಮಲಕಪ್ಪ ಹೇಳಿದ್ದು ಒಂದೇ ಮಾತು:

‘ಬಾಯಾರು ಭಂಡಾರ ಮುಟ್ಟಿ ಹೇಳ್ಲಿ. ನಾ ಬಾಗ್ಲಾ ತಗದ ಕೊಡ್ತೇನಿ.’

ಊರಿನವರಿಗೆ ಇದು ದೊಡ್ಡ ಮನಸ್ಸಿನ ಮಾತಾಗಿ ಕೇಳಿಸಿತು. ನನಗೆ ಹಾಗೆ ಕೇಳಿಸಲಿಲ್ಲ. ಯಾಕೆ ಗೊತ್ತೇ? ಕೆಲವು ತಿಂಗಳ ಹಿಂದೆ ಇದೇ ಮಲಕಪ್ಪ ತನ್ನ ಹೆಂಡತಿಯನ್ನು ಸೂಜಿ ಹಾಕಿಸಲು ಕರೆತಂದಿದ್ದ. ಆಕೆ ಹೆದರಿ, ‘ನೋಯೂದಿಲ್ಲಂತ ನಿಮ್ಮ ಯೇಸಪ್ಪನ ಆಣಿ ಮಾಡ್ರಿ’ ಅಂದಿದ್ದಳು. ‘ನಮ್ಮಲ್ಲಿ ಆಣಿ ಮಾಡೂದಿಲ್ರಿ ತಂಗಿ. ನೋಯತೈತಿ, ಸ್ವಲ್ಪ’ ಅಂದಿದ್ದೆ. ಮಲಕಪ್ಪ ನಕ್ಕಿದ್ದ. ಈಗ ಆ ಮಾತಿನಿಂದಲೇ ನನ್ನನ್ನು ಹಿಡಿದಿದ್ದ. ನಾನು ಮುಟ್ಟುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಬೇರೆ ದೇವರ ಭಂಡಾರ ಮುಟ್ಟಿ, ಆ ದೇವರು ಸಾಕ್ಷಿ ಅನ್ನುವುದು ನನ್ನಿಂದಾಗದ ಮಾತು. ನಾನು ನಂಬಿದ ದೇವರು ಒಬ್ಬನೇ. ಹೋಗಲಿ, ಅವನ ಹೆಸರಿನಲ್ಲೇ ಆಣೆ ಇಡೋಣವೆಂದರೆ ಅದೂ ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು ಎಂದು ಯೇಸುಸ್ವಾಮಿಯೇ ಕಲಿಸಿದ್ದು. ಇದನ್ನು ನಮ್ಮ ತಾಯಿ ಅನ್ನ ಉಣಿಸುವಾಗಲೇ ಹೇಳಿಕೊಟ್ಟಿದ್ದಳು.

ಆ ವಾರ ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ.

ಮೊದಲು ನಮ್ಮ ಮನೆಯವರು. ತಿಕೋಟಾದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ನನಗಿಂತ ದೊಡ್ಡ ದನಿಯಲ್ಲಿ ಪ್ರಾರ್ಥನೆ ಮಾಡುವವರು. ‘ಮನುಷ್ಯಾ ಚಂದ್ರನ ಮ್ಯಾಲ ಅಡ್ಡಾಡಿ ಬಂದು ಐದಾರ ವರ್ಷ ಆತು. ನೀ ಒಂದ ಚಿಟಿಗಿ ಅರಿಷಿಣಕ್ಕ ಹೆದರ್ತಿ?’ ಅಂದರು. ಅರಿಷಿಣಕ್ಕೆ ಅಲ್ಲ ಅಂದೆ. ‘ಮತ್ತ ಯಾತಕ್ಕ?’ ಅಂದರು. ಎದ್ದು ಪಾತ್ರೆ ತೊಳೆಯಲು ಹೋದೆ.

ರವಿವಾರ ವಿಜಾಪುರದಲ್ಲಿ ಆರಾಧನೆ ಮುಗಿದ ಮೇಲೆ ಪಾದ್ರಿಗಳನ್ನು ಕೇಳಿದೆ. ಒಳ್ಳೆಯ ಮನುಷ್ಯರು, ಬಹಳ ಹೊತ್ತು ಯೋಚಿಸಿದರು. ಭಂಡಾರ ಬೇಡ, ಆದರೆ ಧರ್ಮಗ್ರಂಥದ ಮೇಲೆ ಕೈಯಿಟ್ಟು ಹೇಳಬಹುದು, ಕೋರ್ಟಿನಲ್ಲಿ ನಮ್ಮವರೂ ಹಾಗೆ ಹೇಳುತ್ತಾರೆ, ಪಾಪವಾಗುವುದಿಲ್ಲ ಅಂದರು. ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಯೋಚಿಸಿದೆ. ನಾನು ಊರೂರು ತಿರುಗಿ ಹೇಳುವುದೆಲ್ಲ ಬರೀ ಮಾತು. ಈ ಗುಳಿಗೆ ನುಂಗು. ಈ ನೀರು ಕಾಯಿಸಿ ಕುಡಿ. ಕೂಸು ಅಡ್ಡ ಇದೆ, ದೊಡ್ಡ ದವಾಖಾನೆಗೆ ನಡಿ. ಒಂದು ಸಲ ಆಣೆ ಇಟ್ಟು ‘ಇದು ಖರೇ’ ಅಂದೆನಾದರೆ, ಆಣೆ ಇಡದೆ ಹೇಳಿದ್ದೆಲ್ಲ ಏನು? ಅರ್ಧ ಖರೇನಾ?

ಎಲ್ಲರಿಗಿಂತ ಕಷ್ಟವಾದದ್ದು ನೀಲವ್ವನದು. ಸೋಮವಾರ ಮುಂಜಾನೆ ಬಿಜ್ಜರಗಿಯಿಂದ ನಡೆದುಕೊಂಡೇ ತಿಕೋಟಾಕ್ಕೆ ಬಂದಳು. ಬಾಗಿಲಲ್ಲೇ ಕುಂತಳು.

‘ಬಾಯಾರ, ನಿಮಗೇನ ಸುಳ್ಳ ಹೇಳ್ರಿ ಅಂತ ಕೇಳಾಕತ್ತಿಲ್ಲ ನಾನು. ಖರೇ ಮಾತ ಐತಿ. ಬರೇ ಕೈ ಹಚ್ಚಿ ಹೇಳ್ರಿ. ನಿಮ್ಮದೇನ ಹೋಗತೈತಿ?’

‘ನೀಲವ್ವಾ, ನನಗ ಆಗೂದಿಲ್ಲವ್ವಾ.’

‘ನಿಮ್ಮ ದೇವ್ರಿಗೆ ನನ್ನ ಬೆನ್ನ ಮ್ಯಾಲಿನ ಬಾಸುಂಡಿ ಕಾಣಸೂದಿಲ್ಲೇನ್ರಿ?’

ಇದಕ್ಕೆ ಏನು ಹೇಳುತ್ತೀರಿ? ನಿಮಗೆ ಗೊತ್ತಿದ್ದರೆ ಬರೆದು ಕಳಿಸಿ. ಆಕೆ ತವರಿಗೆ ಬಂದಾಗ ಬೆನ್ನಿಗೆ ಔಷಧ ಹಚ್ಚಿದವಳು ನಾನೇ. ಎದ್ದು ಚಹಾ ಮಾಡಿದೆ. ಆಕೆ ಚಹಾ ಕುಡಿಯದೆ ಎದ್ದು ಹೋದಳು.

ಬಾಗಿಲು ಹಾಕಿ ಮೊಣಕಾಲೂರಿದೆ. ಕರ್ತನೇ, ಇದು ನಿನ್ನ ಮೇಲಿನ ನಂಬಿಕೆಯೋ ನನ್ನ ಸೊಕ್ಕೋ, ನನಗೇ ತಿಳಿಯುತ್ತಿಲ್ಲ. ನನ್ನ ಹಟಕ್ಕೆ ಆ ಬಡವಿಯ ಮನೆ ಹೋಗಬೇಕೇ? ಒಂದು ಮಾತು ಹೇಳು. ಕಾದೆ. ಮಾತು ಬರಲಿಲ್ಲ. ಸ್ಟೋವಿನ ಮೇಲೆ ಹಾಲು ಉಕ್ಕಿತು. (ಪ್ರಾರ್ಥನೆಗೆ ಕೂಡಲೇ ಉತ್ತರ ಬಂತು ಎಂದು ಹೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.) ಹಾಲು ಇಳಿಸಿ ಮತ್ತೆ ಬಂದು ಕುಂತೆ. ಈ ಸಲ ಕೇಳಿದ್ದು ಇಷ್ಟೇ: ನಾನು ಸರಿಯಿದ್ದರೆ ಗಟ್ಟಿಯಾಗಿ ನಿಲ್ಲಿಸು. ತಪ್ಪಿದ್ದರೆ ಅವರ ಮುಂದೆ ಹೋಗುವ ಮೊದಲೇ ಮುರಿ. ಏನೇ ಆದರೂ ನೀಲವ್ವನನ್ನು ಕೈಬಿಡಬೇಡ.

ಎದ್ದಾಗ ಧೈರ್ಯವೇನೂ ಬಂದಿರಲಿಲ್ಲ. ಮನಸ್ಸು ಮಾತ್ರ ಒಂದು ಕಡೆ ಕುಂತಿತ್ತು.

ಗುರುವಾರ ಮುಂಜಾನೆ ಗುಡಿಯ ಕಟ್ಟೆಯ ಮೇಲೆ ಪಂಚರು ಕುಂತಿದ್ದರು. ನಡುವೆ ಗೌಡರು. ಅವರ ಬಾಜೂಕ್ಕೆ ದ್ರಾಕ್ಷಿ ತೋಟದ ದಸ್ತಗೀರಸಾಬರು, ಬಿಳಿ ಗಡ್ಡದ, ಕಡಿಮೆ ಮಾತಿನ ಹಿರಿಯರು. ಕೆಳಗೆ ಊರ ಜನ. ನಮ್ಮ ಮನೆಯವರು ರಜೆ ಹಾಕಿ ಬಂದು ಬೇವಿನ ಗಿಡದ ಹತ್ತಿರ ನಿಂತಿದ್ದರು.

ತಾಟು ಬಂತು. ಆ ಮಾತು ಬಂತು. ನಾನು ಹೇಳಿದೆ:

‘ಗೌಡ್ರ, ರಸ್ತೆ ಕಡೆ ಕ್ವಾಣಿ ನೀಲವ್ವಗ ಅಂತ ಅಜ್ಜಾರು ಹೇಳಿದ್ದ ನಾ ಕೇಳೇನಿ. ಮಲಕಪ್ಪಗೂ ಹೇಳೇನಿ ಅಂದ್ರು. ಇಷ್ಟ ನಾ ಕೇಳಿದ್ದು. ಆದ್ರ ಇದನ್ನ ನಾ ಮುಟ್ಟೂದಿಲ್ರಿ.’

‘ನಮ್ಮ ದೇವ್ರಂದ್ರ ಹೊಲಸೇನ್ರಿ ನಿಮಗ?’ ಹಿಂದಿನಿಂದ ಯಾರೋ ಕೇಳಿದರು.

‘ಅಲ್ರಿ. ನನ್ನಲ್ಲಿ ಇಲ್ಲದ ನಂಬಿಗಿ ಐತಿ ಅಂತ ನಿಮ್ಮ ದೇವ್ರ ಮುಂದ ತೋರಿಸಿದ್ರ, ಅದು ಹೊಲಸ.’

ಗೌಡರು ತಾಟು ಕೆಳಗಿಟ್ಟರು. ಪಾಪ, ಅವರಿಗೂ ಮುಗಿದರೆ ಸಾಕಾಗಿತ್ತು. ‘ಹೋಗ್ಲಿ ಬಿಡ್ರಿ. ನಿಮ್ಮ ಯೇಸಪ್ಪನ ಹೆಸರಿಲೇನ ಆಣಿ ಮಾಡ್ರಿ.’

‘ಆಣಿ ಬ್ಯಾಡ ಅಂತ ಆತನೇ ಅಂದಾನ್ರಿ.’

ಜನ ನಕ್ಕರು. ಮಲಕಪ್ಪ ನಗಲಿಲ್ಲ. ಮುಂದೆ ಬಂದ. ‘ನೋಡ್ರಿ, ತನ್ನ ದೇವ್ರ ಮ್ಯಾಲೂ ಆಣಿ ಇಡವಲ್ರು. ಸುಳ್ಳಲ್ದ ಮತ್ತೇನ್ರಿ ಇದು?’

ಹೌದು ಹೌದು ಅಂದರು ನಾಲ್ಕಾರು ಮಂದಿ. ನೀಲವ್ವ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಸೆರಗು ಮುಖದ ಮೇಲೆ ಎಳೆದುಕೊಂಡಳು. ಹೆರಿಗೆಯಲ್ಲಿ ಎಂತೆಂಥ ಗಳಿಗೆ ನೋಡಿದ್ದೇನೆ, ಇಂಥದನ್ನು ನೋಡಿರಲಿಲ್ಲ. ನನ್ನ ಕೈ ತಾನಾಗಿ ತಾಟಿನ ಕಡೆ ಹೋದೀತು ಅನ್ನಿಸಿ ಎರಡೂ ಕೈ ಹಿಂದೆ ಕಟ್ಟಿಕೊಂಡೆ. ಕಣ್ಣು ತೆರೆದುಕೊಂಡೇ ಪ್ರಾರ್ಥಿಸಿದೆ. ನಿಲ್ಲಿಸು, ತಂದೆ. ಅಷ್ಟೇ. ಬೇರೆ ಮಾತು ಹೊಳೆಯಲಿಲ್ಲ.

ಆಗ ದಸ್ತಗೀರಸಾಬರು ಗಂಟಲು ಸರಿಮಾಡಿಕೊಂಡರು.

‘ಗೌಡ್ರ, ಆಣಿ ಮಾಡಬಾರ್ದು ಅನ್ನೂದು ಬಾಯಾರ ನೇಮ. ಅದನ್ನ ಮುರೀರಿ ಅನ್ನಾಕ ನಾವ್ಯಾರು? ಭಂಡಾರ ಮುಟ್ಟಿ ಸುಳ್ಳಾಡಬಾರ್ದು ಅನ್ನೂದು ನಿಮ್ಮ ನೇಮ. ಮಲಕಪ್ಪಗ ಅಂತೂ ಮುಟ್ಟಾಕ ಯಾ ಅಡಚಣಿನೂ ಇಲ್ಲ. ಅಪ್ಪ ನನಗೇನೂ ಹೇಳಿಲ್ಲ ಅಂತ ಆತ ಮುಟ್ಟಿ ಹೇಳ್ಲಿ. ಹೇಳಿದ್ರ ಕ್ವಾಣಿ ಆತಂದ.’

ಮುಗಿಯಿತು, ಮುಟ್ಟಿಬಿಡುತ್ತಾನೆ ಅಂದುಕೊಂಡೆ. ಒಂದು ಕೋಣೆಯ ಆಸೆ ಸಣ್ಣದೇ? ಗೌಡರು ತಾಟು ಅವನ ಕಡೆ ಸರಿಸಿದರು.

ಮಲಕಪ್ಪ ಚಪ್ಪಲಿ ಬಿಟ್ಟ. ರುಮಾಲು ಸರಿಮಾಡಿಕೊಂಡ. ಕೈ ಚಾಚಿದ. ಕೈ ತಾಟಿನ ಮೇಲೆ ನಿಂತಿತು. ಅವನ ತಂದೆ, ಅಜ್ಜ, ಮುತ್ತಜ್ಜ ಹಣೆಗೆ ಹಚ್ಚಿಕೊಂಡ ಭಂಡಾರ ಅದು. ಅವನ ಹೆಂಡತಿ ಗುಂಪಿನಿಂದ ಸಣ್ಣ ದನಿಯಲ್ಲಿ ಅಂದಳು, ‘ಮಕ್ಕಳ ಅದಾವರಿ ಮನ್ಯಾಗ.’

ಕೈ ಹಿಂದೆ ಬಂತು.

‘ಹೇಳಿದ್ದ’ ಅಂದ ಮಲಕಪ್ಪ.

‘ಏನ ಹೇಳಿದ್ದ?’ ಗೌಡರು ಕೇಳಿದರು.

‘ಕ್ವಾಣಿ ತಂಗಿಗೆ ಅಂತ ಹೇಳಿದ್ದ. ಜಡ್ಡಿನಾಗ ಏನೋ ಅಂದಿರಬೇಕಂತ ನಾ ಬಿಟ್ಟಿದ್ದೆ.’ ಕಣ್ಣಲ್ಲಿ ನೀರು ಬಂದಿತ್ತು. ‘ಇದನ್ನ ಮುಟ್ಟಿ ಇಲ್ಲ ಅನ್ನಾಕ ನನಗ ಆಗೂದಿಲ್ರಿ.’

ನನಗೆ ಗೆದ್ದ ಸಂತೋಷ ಆಯಿತೇ? ಇಲ್ಲ. ಕಟ್ಟೆಯ ತುದಿಗೆ ಕುಂತು ನೀರು ಕೇಳಿದೆ. ಚರಿಗೆ ತಂದು ಕೊಟ್ಟವಳು ಮಲಕಪ್ಪನ ಹೆಂಡತಿ. ತಣ್ಣೀರು ಗಂಟಲಲ್ಲಿ ಇಳಿಯುವಾಗ, ವಾರದಿಂದ ಎದೆಯ ಮೇಲೆ ಕುಂತಿದ್ದ ಯಾರೋ ಎದ್ದು ಹೋದ ಹಾಗಾಯಿತು. ದೇವರಿಗೆ ಸ್ತೋತ್ರ ಅನ್ನಲು ಹೋದೆ, ಅಳು ಬಂತು. ಅದನ್ನೇ ಸ್ತೋತ್ರ ಅಂತ ಅವನು ಲೆಕ್ಕ ಹಿಡಿದಿರಬಹುದು.

ನೀಲವ್ವ ಓಡಿ ಬಂದು ತಬ್ಬಿಕೊಂಡಳು ಅಂತ ಬರೆದರೆ ಚೆಂದ ಇರುತ್ತಿತ್ತು. ಆಕೆ ತಬ್ಬಲಿಲ್ಲ. ನಿನ್ನೆ ಬಿಜ್ಜರಗಿಗೆ ಹೋದಾಗ ಆ ಕೋಣೆಗೆ ಕರೆದಳು. ಗೋಡೆಗೆ ಹೊಸ ಸುಣ್ಣ. ಮೂಲೆಯಲ್ಲಿ ಒಲೆ. ಮಗಳು ಹೊಸ್ತಿಲಲ್ಲಿ ಗಜ್ಜುಗ ಆಡುತ್ತಿದ್ದಳು. ಚಹಾ ಕೊಟ್ಟು ಎದುರಿಗೆ ಕುಂತಳು.

‘ಬಾಯಾರ, ನಿಮ್ಮ ಮ್ಯಾಲಿನ ಸಿಟ್ಟ ನನಗ ಇನ್ನೂ ಇಳದಿಲ್ಲ. ಅಣ್ಣ ಮುಟ್ಟೇ ಬಿಟ್ಟಿದ್ರ ನಾ ಎಲ್ಲಿ ಹೋಗಬೇಕಿತ್ತು?’

‘ನಮ್ಮ ಮನಿಗೆ’ ಅಂದೆ.

ಸುಮ್ಮನೆ ಅಂದದ್ದಲ್ಲ. ಪಂಚರು ಕೂಡುವ ಹಿಂದಿನ ದಿನ, ಬುಧವಾರ ಸಂಜೆ, ನಮ್ಮ ಮನೆಯವರು ಯಾರಿಗೂ ಹೇಳದೆ ಹಿಂದಿನ ಖೋಲಿಯಿಂದ ತಮ್ಮ ಚಿತ್ರಗಳು, ಬಣ್ಣದ ಡಬ್ಬಿಗಳನ್ನೆಲ್ಲ ಹೊರಗೆ ಸಾಗಿಸಿ, ನೆಲ ಒರೆಸಿ, ಎರಡು ಹಾಸಿಗೆ ಹಾಸಿದ್ದರು. ‘ನೀ ಮುಟ್ಟೂದಿಲ್ಲ ಅನ್ನೂದು ನನಗ ಗೊತ್ತೈತಿ. ಅದಕ್ಕ’ ಅಂದಿದ್ದರು. ಇದನ್ನು ಹೇಳಿದೆ. ನೀಲವ್ವ ಒಲೆಯ ಮೇಲಿನ ಚಹಾ ಇಳಿಸಿದಳು.

‘ಮೊದಲ ಹೇಳಬಾರದೇನ್ರಿ ಅದನ್ನ’ ಅಂದಳು. ಮತ್ತೊಂದು ಬಟ್ಟಲು ಚಹಾ ಸುರಿದಳು.

ಈಗ ಬಿಜ್ಜರಗಿಯ ಜನ ನನ್ನನ್ನು ಹೊಗಳುತ್ತಿದ್ದಾರೆ. ಬಾಯಾರ ನಂಬಿಗಿ ಗಟ್ಟಿ ಅನ್ನುತ್ತಾರೆ. ಅದು ನನಗೆ ಕಸಿವಿಸಿ. ಅವತ್ತು ದೇವರಿಗೆ ಅಂಜಿ ನಿಂತವರು ಇಬ್ಬರು. ನನಗೆ ಕಳೆದುಕೊಳ್ಳಲು ಸ್ವಂತದ್ದೇನೂ ಇರಲಿಲ್ಲ. ಕೋಣೆ ಕಳೆದುಕೊಂಡವನು ಮಲಕಪ್ಪ. ಊರ ಮುಂದೆ ಮಾನ ಕಳೆದುಕೊಂಡವನೂ ಅವನೇ. ಆದರೂ ಸುಳ್ಳು ಹೇಳಲಿಲ್ಲ. ನನ್ನ ಪ್ರಾರ್ಥನೆಯಲ್ಲಿ ಈಗ ಅವನ ಹೆಸರೂ ಇದೆ. (ಅವನಿಗೆ ಹೇಳಬೇಡಿ. ಸಿಟ್ಟಾದಾನು.)

ಮೊನ್ನೆ ವಿಜಾಪುರದ ಗಾಂಧಿ ಚೌಕದಲ್ಲಿ ಸೀರೆ ಕೊಳ್ಳಲು ಹೋಗಿದ್ದೆ. ಬಣ್ಣ ಹೋಗುವುದಿಲ್ಲ ಅಂತ ಅಂಗಡಿಯವನು ತಾಯಿಯ ಆಣೆ ಇಟ್ಟ. ಪಕ್ಕದ ಹೆಂಗಸು ಇದಕ್ಕಿಂತ ಹೆಚ್ಚು ಕೊಡಲು ನನ್ನ ಹತ್ತಿರ ಇಲ್ಲವೇ ಇಲ್ಲ ಅಂತ ಮಗುವಿನ ತಲೆ ಮುಟ್ಟಿದಳು. ಹೊರಗೆ ಟಾಂಗಾದವನು ಕುದುರೆಯ ಮೇಲೆ ಆಣೆ ಇಡುತ್ತಿದ್ದ. ಯಾರೂ ಯಾರನ್ನೂ ನಂಬಲಿಲ್ಲ. ವ್ಯಾಪಾರ ಮಾತ್ರ ನಡೆದೇ ಇತ್ತು.

ಅದಕ್ಕೇ ಕೇಳುತ್ತೇನೆ: ಆಣೆ ಇಡದೆ ನೀವು ಹೇಳಿದ ಒಂದು ಮಾತನ್ನು ನಿಮ್ಮ ಮನೆಯಲ್ಲಿ ಎಷ್ಟು ಮಂದಿ ನಂಬುತ್ತಾರೆ?