ಗೋರೆಗಾಂವ್‌ನ ಹೊಸ ಎಸ್‌ಟಿಡಿ ಬೂತು

“ಆ ಗೂಡಿನ ಫೋನಲ್ಲಿ ಕುಂದಾಪುರ ಸಿಗುದಾ? ನೀನು ಡಿಗ್ರಿ ಮಾಡಿದ ಹಾಗೆಯೇ ಮಾರಾಯ್ತಿ!” ಎಂದು ರಾತ್ರಿ ಕಾಲೇಜಿಗೆ ಹೋಗುತ್ತಿದ್ದ ನನ್ನನ್ನು ಛೇಡಿಸಿದವರು, ಪರೇಲಿನಲ್ಲಿ ಹೋಟೆಲು ನಡೆಸುತ್ತಿದ್ದ ಸೋದರಮಾವ. ಪದವಿಪತ್ರ ಕೈಗೆ ಬಂದ ಸಂಜೆ ಅವರನ್ನೇ ಗೋರೆಗಾಂವ್ ಸ್ಟೇಷನ್ನಿನ ಎದುರಿನ ಬೂತಿಗೆ ಎಳೆದುಕೊಂಡು ಹೋದೆ. ಮನೆಗೆ ಫೋನು ಹಾಕಿಸುವಂತೆ ಅಲ್ಲಿ ಡಿಪಾಸಿಟ್ ಇಲ್ಲ, ವರ್ಷಗಟ್ಟಲೆ ಕಾಯಬೇಕಿಲ್ಲ, ಮಾತಾಡಿದಷ್ಟಕ್ಕೇ ಹಣ. ಆದರೆ ಅಮ್ಮನ ದನಿ ಸರಿಯಾಗಿ ಕೇಳಬೇಕಲ್ಲ?

ಊರಿನ ಜಿನಸಿನಂಗಡಿಗೆ ಫೋನು ಮಾಡಿ ಅಮ್ಮನನ್ನು ಕರೆಸಲು ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದರೆ, ಓಡಿ ಬಂದ ಅಮ್ಮನ ಏದುಸಿರೂ ಕೇಳಿಸಿತು. ಬೂತು ಪಾಸು! ನಾನೂ ಪಾಸು, ಮಾವನೂ ಪಕ್ಕದಲ್ಲೇ ಇದ್ದಾರೆ ಎಂದು ಹೇಳಿದೆ. ಹೈಸ್ಕೂಲಿನ ಮೆಟ್ಟಿಲನ್ನೇ ಯಾರೂ ಹತ್ತದ ಮನೆ ನಮ್ಮದು, ಅಮ್ಮ ನಂಬಲಿಲ್ಲ.

“ಸುಮ್ನೆ ಹೇಳ್ಬೇಡ. ನನ್ನ ತಮ್ಮನ ಕೈಗೆ ಕೊಡು, ಅವ ನೋಡಿ ಹೇಳ್ಲಿ.”

ರಿಸೀವರಿನ ಜೊತೆ ಪದವಿಪತ್ರವನ್ನೂ ಮಾವನ ಕೈಗಿಟ್ಟೆ. ಅವರು ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದರು. ಕಿರುಚಿ ಮಾತಾಡಬೇಕಿದ್ದ ಹಳೆಯ ಟ್ರಂಕ್‌ಕಾಲ್‌ಗಳ ಅಭ್ಯಾಸದಿಂದ, ಹೊರಗೆ ಕ್ಯೂನಲ್ಲಿದ್ದವರೆಲ್ಲ ಬೆಚ್ಚುವಂತೆ ಕೂಗಿದರು: “ಹೌದಕ್ಕಾ, ಸೀಲು ಉಂಟು, ಸಹಿ ಉಂಟು! ಇನ್ನು ಇವಳು ಊರಿಗೆ ಬಂದಾಗ, ನಂಗೆ ಹಾಕುವ ಆ ಒಂದೇ ಕುರ್ಚಿ ಇವಳಿಗೆ ಕೊಡು, ನಂಗೆ ಚಾಪೆ ಸಾಕು!”